ಅಳತೆ ಕಡ್ಡಿ

ಅತ್ತೆಯ ಎಂಜಿನ್ನಿನ ಮೇಲೆ ಗಾಜು ಹೊದಿಸಿ ಟೀಪಾಯಿ ಮಾಡಿಕೊಳ್ಳಿ ಎಂದು ಹೇಳಿದವರು ಟರ್ನರ್ ಮಾಮ. ಬೀದಿಯ ಕೊನೆಯಲ್ಲಿ ಅವರ ಲೇತ್ ಅಂಗಡಿ. ತಮಾಷೆಗೆ ಹೇಳಿದ್ದಲ್ಲ, ಕನಿಕರದಿಂದಲೇ ಹೇಳಿದ್ದರು.

"ನಿನ್ನ ಬಾಯಲ್ಲಿ ಒಂದು ಒಳ್ಳೇ ಮಾತು ಬರೋದೇ ಇಲ್ವೇನೋ?" ಎಂದರು ಅತ್ತೆ. "ಓಡೋ ಕುದುರೆ ಬೆನ್ನಮೇಲೆ ಚಹಾ ಲೋಟ ಇಡ್ತೀಯಾ?"

"ಅದು ಓಡೋದು ನಿಲ್ಲಿಸಿ ಯಾವ ಕಾಲ ಆಯ್ತಕ್ಕ!"

ಅತ್ತೆ ಅಂದರೆ ಅಪ್ಪನ ಅಕ್ಕ. ಹರೆಯದಲ್ಲಿ ರೇಸ್ ಕಾರು ಓಡಿಸುತ್ತಿದ್ದವರು. ಕೊನೆಯ ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದಾಗ ಎಂಜಿನ್ನಿನ ಬೇರಿಂಗುಗಳು ಕಚ್ಚಿಕೊಂಡು ಕಾರು ನಡುದಾರಿಯಲ್ಲೇ ನಿಂತುಬಿಟ್ಟಿತ್ತಂತೆ. ಅಂದಿನಿಂದ ಅದು ಹಿತ್ತಲಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕೂತಿತ್ತು. ಈಗ ಅತ್ತೆಯ ಬಲಭುಜ ದಿನದಿನಕ್ಕೆ ಬಿಗಿಯುತ್ತಿದೆ. ತೋಳು ಎತ್ತಿದರೆ ಕಿವಿಯ ಮಟ್ಟಕ್ಕೂ ಬರುವುದಿಲ್ಲ. ಅದು ಪೂರ್ತಿ ಕೈಕೊಡುವ ಮೊದಲು, ಅದೇ ಕಾರಿನಲ್ಲಿ, ಅದೇ ಎಂಜಿನ್ನಿನಲ್ಲಿ, ಅಂದು ಅರ್ಧಕ್ಕೆ ನಿಂತ ಸುತ್ತನ್ನು ಮುಗಿಸಬೇಕು. ಅವರಿಗೆ ಬೇಕಾದದ್ದು ಅಷ್ಟೇ.

ನಾನು ಅವರ ಜೊತೆ ಸೇರಿಕೊಂಡದ್ದು ಡಿಗ್ರಿ ಮುಗಿದ ಮೇಲೆ. ಓದಿದ್ದು ಭೌತಶಾಸ್ತ್ರ. ಸಂದರ್ಶನಗಳಿಗೆ ಹೋಗಿ ಬರುತ್ತಿದ್ದೆ. ಎಲ್ಲ ಕಡೆಯೂ "ಸ್ವಲ್ಪ ಜೋರಾಗಿ ಹೇಳಿ" ಅನ್ನುತ್ತಿದ್ದರು, ಹಾಗಂದ ಕೂಡಲೇ ಉಳಿದ ದನಿಯೂ ಗಂಟಲಿಗೆ ಇಳಿದುಹೋಗುತ್ತಿತ್ತು. ಹೇಳದೆ ಉಳಿದದ್ದೆಲ್ಲ ಡೈರಿಗೆ ಹೋಗುತ್ತಿತ್ತು. ಅತ್ತೆ ನನಗಿಟ್ಟ ಹೆಸರು ಪಿಸುಪಿಸು. "ಶೆಡ್ಡಿಗೆ ಬಾರೇ ಪಿಸುಪಿಸು, ಕಬ್ಬಿಣಕ್ಕೆ ಕಿವಿ ಇಲ್ಲ, ನಿನಗೆ ಸರಿಹೋಗುತ್ತೆ," ಎಂದು ಕರೆದುಕೊಂಡರು.

ಎಂಜಿನ್ನಿನ ಹೊಟ್ಟೆಯಲ್ಲಿ ಕ್ರ್ಯಾಂಕ್ ಶಾಫ್ಟು ಎಂಬ ತಿರುಗುವ ಅಚ್ಚು ಮಲಗುವ ಮೂರು ದುಂಡು ತೂತುಗಳಿವೆ. ಬೇರಿಂಗುಗಳು ಕೂರುವ ಜಾಗ. ಅತ್ತೆ ಅವಕ್ಕೆ ಮನೆ ಅನ್ನುತ್ತಾರೆ: ಮುಂದಿನ ಮನೆ, ನಡುಮನೆ, ಹಿಂದಿನ ಮನೆ. ಮೂರೂ ಕೆರೆದು ಹಾಳಾಗಿದ್ದವು. ಟರ್ನರ್ ಮಾಮ ಬೆಸುಗೆ ತುಂಬಿಕೊಟ್ಟಿದ್ದರು. ಈಗ ಆ ಬೆಸುಗೆಯನ್ನು ಸರಿಯಾದ ಅಳತೆಗೆ, ಮೂರನ್ನೂ ಒಂದೇ ನೇರದಲ್ಲಿ, ಕೊರೆಯಬೇಕಿತ್ತು. ಪೇಟೆಯ ದೊಡ್ಡ ವರ್ಕ್‌ಶಾಪಿನವರು ನಮ್ಮ ಮೆಷಿನ್ನಿಗೆ ಇದು ಕೂರಲ್ಲ ಎಂದು ಕೈಯಲ್ಲಾಡಿಸಿದರು.

"ಅವರ ಮೆಷಿನ್ನಿಗೆ ಕೂರದಿದ್ದರೆ ನಮ್ಮ ಮೆಷಿನ್ನಿಗೆ ಕೂರುತ್ತೆ," ಎಂದರು ಅತ್ತೆ.

"ನಮ್ಮದು ಎಲ್ಲಿದೆ?" ಎಂದು ಕೇಳಿದೆ.

"ಮಾಡ್ಕೋಬೇಕು."

ಮಾಡಿಕೊಂಡೆವು. ಮುಚ್ಚಿಹೋದ ಮುದ್ರಣಾಲಯವೊಂದರ ಗುಜರಿಯಿಂದ ಬಂದ ರೋಲರಿನ ಕಂಬಿ ಕೊರೆಯುವ ದಂಡವಾಯಿತು. ಅಷ್ಟು ನೆಟ್ಟಗಿನ ಕಂಬಿ ಬೇರೆಲ್ಲೂ ಸಿಗಲಿಲ್ಲ. ದಂಡಕ್ಕೆ ಅಡ್ಡ ತೂತು ಹಾಕಿ, ಮುರಿದ ಡ್ರಿಲ್ಲಿನ ಬುಡವನ್ನು ಸಾಣೆ ಹಿಡಿದು, ಕೊರೆಯುವ ಹಲ್ಲಾಗಿ ಕೂರಿಸಿದೆವು. ಹಿಂದೆ ಒಂದು ಸಣ್ಣ ತಿರುಪು. ಅದನ್ನು ತಿರುವಿದಷ್ಟೂ ಹಲ್ಲು ಹೊರಗೆ ಬರುತ್ತದೆ. ದಂಡವನ್ನು ಮೆಲ್ಲಗೆ ಮುಂದೆ ತಳ್ಳಲು ಬಡಗಿ ಮರ ಬಿಗಿದುಹಿಡಿಯುವ ಕ್ಲಾಂಪಿನ ಉದ್ದ ಸ್ಕ್ರೂ. ತಿರುಗಿಸುವ ಚಕ್ರವಾಗಿ ಅತ್ತೆ ಆ ಕಾರಿನ ಸ್ಟಿಯರಿಂಗನ್ನೇ ಬಿಚ್ಚಿ ತಂದು ದಂಡದ ತುದಿಗೆ ಬೋಲ್ಟು ಹಾಕಿದರು. "ನನ್ನ ಕೈಗೆ ಗೊತ್ತಿರೋ ಚಕ್ರ ಇದೊಂದೇ."

ತೂತಿನ ಅಳತೆ ನೋಡಲು, ಅದಕ್ಕಿರಬೇಕಾದ ಅಗಲದಷ್ಟೇ ಉದ್ದದ ಒಂದು ಉಕ್ಕಿನ ಕಡ್ಡಿ ನಾನು ಮಾಡಿದೆ. ಎರಡೂ ತುದಿಗಳನ್ನು ಎಣ್ಣೆಗಲ್ಲಿನ ಮೇಲೆ ದುಂಡಗೆ ಉಜ್ಜಿ, ಟರ್ನರ್ ಮಾಮನ ಮೈಕ್ರೋಮೀಟರಿಗೆ ಹಿಡಿದು, ಮತ್ತೆ ಉಜ್ಜಿ, ಮತ್ತೆ ಹಿಡಿದು. ಕಡ್ಡಿ ತೂತಿನೊಳಗೆ ಅಡ್ಡಲಾಗಿ ಗೋಡೆ ಸವರಿಕೊಂಡು ದಾಟಿದರೆ ಅಳತೆ ಸರಿ. ಸಿಕ್ಕಿಕೊಂಡರೆ ತೂತು ಇನ್ನೂ ಚಿಕ್ಕದು. ಚಿಕ್ಕದಾದರೆ ಚಿಂತೆಯಿಲ್ಲ, ಇನ್ನಷ್ಟು ಕೊರೆಯಬಹುದು. ಕೂದಲೆಳೆಯಷ್ಟು ದೊಡ್ಡದಾದರೆ ಮಾತ್ರ ಮುಗಿಯಿತು. ಆ ಹಳೇ ಅಲ್ಯೂಮಿನಿಯಂ ಇನ್ನೊಂದು ಬೆಸುಗೆಯ ಶಾಖ ತಡೆಯುವುದಿಲ್ಲ, ಅಂಥ ಎಂಜಿನ್ನು ಇನ್ನೊಂದು ಸಿಗುವುದಿಲ್ಲ.

ಮುಂದಿನ ಮನೆ, ಹಿಂದಿನ ಮನೆ ಎರಡೂ ಸಲೀಸಾಗಿ ಮುಗಿದವು. ಎಣ್ಣೆ ಬಟ್ಟೆಯ ಮೇಲಿದ್ದ ಕಡ್ಡಿಯನ್ನು ಅತ್ತೆ ಆ ಬಟ್ಟೆಯಲ್ಲೇ ಹಿಡಿದು ಒಳಗೆ ತೂರಿಸಿ, "ಹ್ಞೂಂ, ಬೆಣ್ಣೆ," ಎಂದಿದ್ದರು. ಮರುದಿನಕ್ಕೆ ಉಳಿದದ್ದು ನಡುಮನೆ. ಅಲ್ಲಿಗೆ ಅತ್ತೆಯ ತೋಳು ಬಾಗಲಿಲ್ಲ. ನನ್ನ ಸಣಕಲು ಕೈಯೇ ಹೋಗಬೇಕಾಯಿತು.

ಅತ್ತೆ ಚಕ್ರ ತಿರುವುವುದು, ನಾನು ಸ್ಕ್ರೂ ತಳ್ಳುವುದು. ಬೆಳ್ಳಿಯ ಎಳೆಗಳಂತೆ ಚೂರುಗಳು ಉದುರುತ್ತಿದ್ದವು. ಒಂದೊಂದು ಕೊರೆತ ಮುಗಿದಾಗಲೂ ದಂಡವನ್ನು ಹಿಂದೆಳೆದು ನಾನು ಕೈ ಹಾಕಿ ಅಳೆಯುತ್ತಿದ್ದೆ. ನಡುವೆ ಕಡ್ಡಿಯನ್ನು ಕೆಳಗಿಡಲು ಧೈರ್ಯ ಬರಲಿಲ್ಲ, ಎಲ್ಲಾದರೂ ಉರುಳಿ ಬಿದ್ದರೆ? ಎಡಗೈ ಮುಷ್ಟಿಯಲ್ಲೇ ಬಿಗಿಹಿಡಿದಿದ್ದೆ.

"ಹೋಯ್ತಾ?"

"ಇಲ್ಲ ಅತ್ತೆ. ಸಿಕ್ಕಿಕೊಳ್ತಿದೆ."

"ಹಾಗಾದ್ರೆ ಇನ್ನೊಂದು ಎಳೆ ತೆಗಿಯೋಣ. ತಿರುಪು ಒಂದು ಚೂರು ತಿರುವು."

ತಿರುವಿದೆ. ಅಷ್ಟರಲ್ಲಿ ಟರ್ನರ್ ಮಾಮ ಬಂದು ಬಾಗಿಲಿಗೆ ಒರಗಿದರು. "ಗಾಜು ಎಷ್ಟು ಅಗಲದ್ದು ಬೇಕು ಹೇಳಿ ಅಕ್ಕ, ಕತ್ತರಿಸಿ ತರ್ತೀನಿ."

"ನಿನ್ನ ನಾಲಿಗೆ ಮೊದಲು ಕತ್ತರಿಸ್ತೀನಿ, ನಿಲ್ಲು," ಎಂದು ಅತ್ತೆ ಚಕ್ರಕ್ಕೆ ಕೈ ಹಾಕಿದರು.

ನನಗೇಕೋ ಸಮಾಧಾನವಿರಲಿಲ್ಲ. ಕಳೆದ ಕೊರೆತದಲ್ಲಿ ಅಷ್ಟು ಚೂರು ಉದುರಿತ್ತು. ಕಡ್ಡಿ ಮಾತ್ರ ಸಿಕ್ಕಿಕೊಂಡಲ್ಲಿಂದ ಕದಲಿರಲಿಲ್ಲ. ಸುಮ್ಮನೆ, ಕೈಗೆ ಸಮೀಪವಿದ್ದ ಮುಂದಿನ ಮನೆಗೆ ಕಡ್ಡಿ ಹಾಕಿ ನೋಡಿದೆ. ನಿನ್ನೆ ಬೆಣ್ಣೆಯಂತೆ ದಾಟಿದ ಮನೆ. ಅಲ್ಲೂ ಸಿಕ್ಕಿಕೊಂಡಿತು.

ಎಂಜಿನ್ನು ಒಂದು ರಾತ್ರಿಯಲ್ಲಿ ಕುಗ್ಗುವುದಿಲ್ಲ. ಹಾಗಾದರೆ ಕಡ್ಡಿ ಬೆಳೆದಿರಬೇಕು. ಮುಷ್ಟಿ ಬಿಚ್ಚಿದೆ. ಅಂಗೈ ಬೆವರಿ ಕೆಂಪಾಗಿತ್ತು, ಉಕ್ಕು ಆಗತಾನೇ ಇಟ್ಟ ಮೊಟ್ಟೆಯಂತೆ ಬೆಚ್ಚಗಿತ್ತು.

ಚಕ್ರ ಆಗಲೇ ತಿರುಗತೊಡಗಿತ್ತು. ಹಲ್ಲು ಲೋಹಕ್ಕೆ ತಗುಲಿದ ಕಿರ್ರೆಂಬ ಸದ್ದು.

"ನಿಲ್ಸಿ ಅತ್ತೆ! ನಿಲ್ಸಿ!"

ತಗಡಿನ ಸೂರೇ ಮಾರ್ದನಿಗೊಟ್ಟಿತು. ಅತ್ತೆ ಚಕ್ರ ಬಿಟ್ಟರು. ಟರ್ನರ್ ಮಾಮ ನೆಟ್ಟಗೆ ನಿಂತರು.

"ಯಾರೇ ಕೂಗಿದ್ದು, ನೀನಾ?" ಎಂದರು ಅತ್ತೆ.

"ಅಳತೆ ತಪ್ಪು. ಕಡ್ಡಿ ನನ್ನ ಕೈಶಾಖಕ್ಕೆ ಉದ್ದ ಆಗಿದೆ. ನಡುಮನೆ ಸರಿಯಾಗೇ ಇದ್ದಿರಬಹುದು."

"ಅಂಗೈ ಬಿಸಿಗೆ ಉಕ್ಕು ಬೆಳೆಯುತ್ತಾ? ಭಯಕ್ಕೆ ಏನೇನೋ ಹೇಳಬೇಡ. ಅರ್ಧಕ್ಕೆ ನಿಲ್ಸಿದ್ರೆ ಗೆರೆ ಬೀಳುತ್ತೆ, ಸರಿ ಆಚೆಗೆ."

ನಾನು ಸರಿಯಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡೆ. "ಬೇಡ ಅಂದ್ರೆ ಬೇಡ. ಕಡ್ಡಿ ಎಂಜಿನ್ನಷ್ಟೇ ತಣ್ಣಗಾಗೋವರೆಗೂ ಯಾರೂ ಇದನ್ನ ಮುಟ್ಟಕೂಡದು."

ಅತ್ತೆಯ ಮುಖ ಕೆಂಪೇರಿತು. ಒಂದು ಕ್ಷಣ ಬೈಗುಳ ಬಂತು ಎಂದೇ ಅಂದುಕೊಂಡೆ. ಅವರು ಟರ್ನರ್ ಮಾಮನ ಕಡೆ ನೋಡಿದರು. ಮಾಮ ತಲೆ ಕೆರೆದುಕೊಂಡು, "ಕೂದಲೆಳೆ ಲೆಕ್ಕ ಅಲ್ವಾ ಅಕ್ಕ, ಕಾಯೋಣ, ಕಾದ್ರೆ ಏನೂ ಹೋಗಲ್ಲ," ಎಂದರು.

ಕಡ್ಡಿಯನ್ನು ಎಂಜಿನ್ನಿನ ಒಡಲೊಳಗೇ, ಲೋಹದ ಮೇಲೆ ಮಲಗಿಸಿದೆ. ಅತ್ತೆ ಹೊರಗೆ ಹೋದರು, ಒಳಗೆ ಬಂದರು, ಅಂಗಳ ಗುಡಿಸಿದರು, ಗುಡಿಸಿದ್ದನ್ನೇ ಮತ್ತೆ ಗುಡಿಸಿದರು. ನಾನು ಚಕ್ರದ ಪಕ್ಕದಿಂದ ಏಳಲಿಲ್ಲ.

ಕೊನೆಗೆ ಎಣ್ಣೆ ಬಟ್ಟೆಯಲ್ಲಿ ಕಡ್ಡಿ ಹಿಡಿದು ಮುಂದಿನ ಮನೆಗೆ ಹಾಕಿದೆ. ದಾಟಿತು. ನಡುಮನೆಗೆ ಹಾಕಿದೆ. ಗೋಡೆಯನ್ನು ಸವರಿಕೊಂಡು, ಉಸಿರಿನಷ್ಟು ಹಗುರಾಗಿ, ದಾಟಿತು.

ಅತ್ತೆ ಕಡ್ಡಿಯನ್ನು ಕಿತ್ತುಕೊಂಡು ತಮ್ಮ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದರು. ಬಹಳ ಹೊತ್ತು ಹಿಡಿದು, ಮುಂದಿನ ಮನೆಗೆ ತಾವೇ ಹಾಕಿ ನೋಡಿದರು. ಸಿಕ್ಕಿಕೊಂಡಿತು.

"ಅಯ್ಯೋ ನಿನ್ನ," ಎಂದರು ಮೆಲ್ಲಗೆ. "ಕೊರೆದೇಬಿಡ್ತಿದ್ದೆನಲ್ಲೇ."

ನಡುಮನೆಯ ಬಾಯಂಚಿನಲ್ಲಿ ಹಲ್ಲು ತಗುಲಿದ ಒಂದು ಗೀರು ಬಿದ್ದಿತ್ತು. ಟರ್ನರ್ ಮಾಮ ಕನ್ನಡಕ ಏರಿಸಿ, ಬೆರಳಾಡಿಸಿ, "ಅಂಚು ತಾನೇ, ಬೇರಿಂಗ್ ಕೂರೋ ಜಾಗ ಅಲ್ಲ, ಅರ ಹಾಕಿ ಉಜ್ಜಿದ್ರೆ ಸಾಕು," ಎಂದರು. ಅವರೇ ಉಜ್ಜಿಯೂ ಕೊಟ್ಟರು.

ಮರುದಿನ ಬೇರಿಂಗುಗಳನ್ನು ಕೂರಿಸಿ, ಎಣ್ಣೆ ಹಚ್ಚಿ, ಕ್ರ್ಯಾಂಕ್ ಶಾಫ್ಟನ್ನು ಪರೀಕ್ಷೆಗೆಂದು ಮಲಗಿಸಿ ಬೋಲ್ಟು ಬಿಗಿದೆವು. ಅತ್ತೆ ಒಂದೇ ಬೆರಳಿನಿಂದ ನೂಕಿದರು. ಅದು ಸದ್ದಿಲ್ಲದೆ ತಿರುಗಿತು. ಬೆರಳು ತೆಗೆದ ಮೇಲೂ ತಿರುಗಿ, ನಿಧಾನವಾಗಿ ನಿಂತಿತು. ಅತ್ತೆ ಇನ್ನೊಮ್ಮೆ ನೂಕಿದರು. ಮತ್ತೊಮ್ಮೆ. ಆಮೇಲೆ ನನ್ನ ಕಡೆ ತಿರುಗಿದರು.

"ಈಗೇನು ಮಾಡೋದು, ಹೇಳು."

"ಎಲ್ಲಾ ಬಿಚ್ಚಬೇಕು," ಎಂದೆ. "ಎಣ್ಣೆ ಹರಿಯೋ ತೂತುಗಳಲ್ಲಿ ಕೊರೆದ ಚೂರು ಕೂತಿರುತ್ತೆ. ಒಂದೊಂದನ್ನೂ ತೊಳೆದು ಮತ್ತೆ ಜೋಡಿಸಬೇಕು."

"ಎಲ್ಲಾನಾ?"

"ಎಲ್ಲಾ."

ಅತ್ತೆ ನಿಟ್ಟುಸಿರು ಬಿಟ್ಟು ಬಕೆಟ್ಟು ಹುಡುಕಲು ಹೋದರು. ನಾನು ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ.