ಔರಾದದ ಆರುನೂರು ಮರಿಗಳು

ಜನವರಿಯ ಒಂದು ಬೆಳಿಗ್ಗೆ, ಎಂಟು ಗಂಟೆಗೆ ಔರಾದದ ಸಭಾಭವನದ ಅಂಗಳದಲ್ಲಿ ಕೋಳಿಮರಿಗಳ ಪೆಟ್ಟಿಗೆಗಳು ಇಳಿದವು. ಮರಿಗಳು ಆರುನೂರು, ಎಲ್ಲವೂ ಹಿಂದಿನ ದಿನ ಹುಟ್ಟಿದವು. ಒಂದು ಟ್ರಸ್ಟು ಮೂವತ್ತು ಹೆಂಗಸರಿಗೆ ತಲಾ ಇಪ್ಪತ್ತು ಹಂಚುವುದಿತ್ತು. ಟ್ರಸ್ಟಿನ ಅಧ್ಯಕ್ಷರು ಬೀದರಿನಿಂದ ಬಂದು ತಮ್ಮ ಕೈಯಾರೆ ಕೊಡಬೇಕು, ಫೋಟೊ ಆಗಬೇಕು.

ಸಾಕುವ ಬಗೆ ತಿಳಿಸಲು ಭಾಲ್ಕಿಯ ಪಶುವೈದ್ಯೆ ಉಜ್ವಲಾಳನ್ನು ಕರೆದಿದ್ದರು. ಅವಳು ಬಂದಾಗ ಒಂಬತ್ತೂವರೆ. ಅಂಗಳದಲ್ಲಿ ಹಾಕಿದ ಪೆಂಡಾಲಿಗೆ ಮೂರು ಕಡೆ ಪರದೆಯಿಲ್ಲ, ಬಯಲಿನ ಗಾಳಿ ನೇರವಾಗಿ ನುಗ್ಗುತ್ತಿತ್ತು. ವೇದಿಕೆಯ ಮುಂದೆ, ಮುಚ್ಚಳ ತೆಗೆದ ಪೆಟ್ಟಿಗೆಗಳಿಗೆ ಕೆಂಪು ರಿಬ್ಬನ್ನು ಕಟ್ಟಿದ್ದರು.

ಮುಂದಿನ ಸಾಲಿನಿಂದ ಶಾಲುಬಾಯಿ ಎದ್ದು ಬಂದಳು. ಮೂವತ್ತು ವರ್ಷ ಕೋಳಿ ಸಾಕಿದ ಹೆಂಗಸು.

"ಡಾಕ್ಟರಬಾಯಿ, ಮೊದಲ ಚಿಂವ್ ಚಿಂವ್ ಅಂತ ಭಾಳ ಒದರ್ತಿದ್ದುವ್ರಿ. ಈಗ ಸುಮ್ಮಾಗ್ಯಾವ. ಒಳಗ ಒಯ್ರಿ ಅಂತ ಎರಡ ಸಲ ಹೇಳೀನಿ. ಕೇಳವಲ್ರು."

ಉಜ್ವಲಾ ಪೆಟ್ಟಿಗೆಗೆ ಕೈ ಹಾಕಿದಳು. ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡಿದ್ದವು. ಅಡಿಯಲ್ಲಿದ್ದವು ಉಸಿರುಗಟ್ಟಿ ಸತ್ತಿದ್ದವು. ಬದುಕಿದ್ದ ಒಂದರ ಮೈಗೆ ಥರ್ಮಾಮೀಟರ್ ಇಟ್ಟು ನೋಡಿದಳು. ನಲವತ್ತು ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕಾದದ್ದು ಮೂವತ್ತೆರಡು ತೋರಿಸಿತು.

"ಇವನ್ನ ಯಾರು ಹೊರಗ ಇಟ್ಟೋರು?"

ಟ್ರಸ್ಟಿನ ವ್ಯವಸ್ಥಾಪಕ ಗುರುನಾಥ ನಗುತ್ತ ಬಂದ. "ಮಲಗ್ಯಾವ್ರಿ ಮೇಡಂ. ಸಾಹೇಬ್ರು ಈಗ ಹೊರಟಾರಂತ. ಮೈಮ್ಯಾಲ ಪುಕ್ಕ ಅದಲ್ರಿ, ಕೋಳಿಗಿ ಎಂಥ ಥಂಡಿ?"

ಅವಳ ದನಿ ಸಿಟ್ಟಿನಿಂದ ಏರಿತು.

"ಮಲಗಿಲ್ಲ, ಸಾಯ್ಲಿಕ್ಕ ಹತ್ಯಾವ! ಮೈ ಬೆಚ್ಚಗ ಇಡೋದು ಮೆದುಳಿನ ಕೆಲಸ ಅದ. ದೊಡ್ಡ ಕೋಳಿಗಿ ಥಂಡಿ ಹತ್ತಿದ್ರ ಮೆದುಳು ನಡುಗು ಅಂತದ, ಪುಕ್ಕ ಉಬ್ಬಿಸು ಅಂತದ. ಇವುರ ಮೆದುಳು ಇನ್ನಾ ಬಲಿತಿಲ್ಲ. ಎರಡು ವಾರ ಬೇಕು ಅದಕ್ಕ. ಅಲ್ಲೀತನಕ ಗಾಳಿ ತಣ್ಣಗಾದ್ರ ಇವುರ ಮೈನೂ ತಣ್ಣಗಾಗ್ತದ. ನಿಮ್ಮ ಸಾಹೇಬ್ರಿಗಿ ಕಾಯೋ ತಾಕತ್ತು ಇವುಕ್ಕಿಲ್ಲ!"

"ತಾಯಿ ಇದ್ದಿದ್ರ ರೆಕ್ಕಿ ಕೆಳಗ ಇಟ್ಕೋತಿತ್ತು" ಎಂದಳು ಶಾಲುಬಾಯಿ, ಗುರುನಾಥನ ಮುಖವನ್ನೇ ನೋಡುತ್ತ.

ಉಜ್ವಲಾ ರಿಬ್ಬನ್ನು ಹರಿದು ಒಂದು ಪೆಟ್ಟಿಗೆ ಎತ್ತಿಕೊಂಡಳು. ಗುರುನಾಥ ಅಡ್ಡ ನಿಂತ. "ಫೋಟೊ ಆಗೋತನಕ ಮುಟ್ಟಬ್ಯಾಡ್ರಿ. ನನ್ನ ನೌಕರಿ ಹೋಗ್ತದ."

"ಸರೀರಿ ಆ ಕಡಿ!"

ಅವಳು ಅವನನ್ನು ಭುಜದಿಂದ ತಳ್ಳಿ ನಡೆದಳು. ಉಳಿದ ಪೆಟ್ಟಿಗೆಗಳನ್ನು ಹೆಂಗಸರು ಎತ್ತಿಕೊಂಡರು. ರಸ್ತೆಯಾಚೆ ಅಬ್ದುಲ ಗಫೂರನ ಬೇಕರಿ ಇತ್ತು. ಕೇಳುವ ಮೊದಲೇ ಅವನು ಪಾವು ಬ್ರೆಡ್ಡಿನ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದ. "ಭಟ್ಟಿಗಿ ಭಾಳ ಹತ್ರ ಬ್ಯಾಡ, ಬೇಟಿ. ಈ ಗೋಡಿ ಬಾಜು ಇಡು. ದಿನಾ ಇಲ್ಲೇ ಹಿಟ್ಟು ಉಬ್ಬಸ್ತೇನಿ."

ಹೆಂಗಸರು ಮರಿಗಳನ್ನು ಬಿಡಿಬಿಡಿಯಾಗಿ ಗೋಣಿಯ ಮೇಲೆ ಹರಡಿದರು. ಕೆಲವನ್ನು ಸೀರೆಯ ಸೆರಗಿನಲ್ಲಿ ಮುಚ್ಚಿ ಎದೆಗೊತ್ತಿಕೊಂಡರು. ಮುಕ್ಕಾಲು ಗಂಟೆಯ ಮೇಲೆ ಒಂದು ಮರಿ ಕೂಗಿತು, ಆಮೇಲೆ ಹತ್ತು, ಆಮೇಲೆ ಬೇಕರಿಯಲ್ಲಿ ಮಾತೇ ಕೇಳದಷ್ಟು ಗದ್ದಲ. ಆದರೂ ನೂರಾ ಅರವತ್ತೆಂಟು ಏಳಲಿಲ್ಲ.

ಅಧ್ಯಕ್ಷರು ಬಂದದ್ದು ಹನ್ನೆರಡೂವರೆಗೆ. ಹಾರ ಹಾಕಿಸಿಕೊಂಡು, ಮರಿಗಳೆಲ್ಲಿ ಎಂದು ಕೇಳಿದರು. ಶಾಲುಬಾಯಿ ವೇದಿಕೆ ಹತ್ತಿ, ಸತ್ತ ಮರಿಗಳ ಪೆಟ್ಟಿಗೆಯನ್ನು ಅವರ ಮುಂದೆ ಮೇಜಿನ ಮೇಲೆ ಇಟ್ಟಳು.

"ನಿಮ್ಮ ಹಾದಿ ಕಾಯ್ದು ಕಾಯ್ದು ಸತ್ತಾವ್ರಿ. ಫೋಟೊ ತಗೀರಿ."

ಯಾರೂ ತೆಗೆಯಲಿಲ್ಲ. ಅಧ್ಯಕ್ಷರು ಗುರುನಾಥನ ಕಡೆ ತಿರುಗಿ ಬಯ್ಯತೊಡಗಿದರು. ಉಜ್ವಲಾಗೆ ಅದು ಇನ್ನಷ್ಟು ಸಿಟ್ಟು ತರಿಸಿತು. "ಅವ್ರಿಗೇನ ಬಯ್ತೀರಿ? ಹೊತ್ತು ಮಾಡ್ದೋರು ನೀವು" ಎಂದಳು. ಅವರು ಕಾರು ಹತ್ತಿದರು.

ವಾರದೊಳಗೆ ಉಜ್ವಲಾಳ ಮೇಲೆ ದೂರು ಬಂತು: ಕಾರ್ಯಕ್ರಮ ಕೆಡಿಸಿದಳು, ಗಣ್ಯರಿಗೆ ಅವಮಾನ ಮಾಡಿದಳು. ಮೇಲಧಿಕಾರಿ ಕ್ಷಮಾಪಣೆ ಬರೆದು ಮುಗಿಸಿಬಿಡಲು ಹೇಳಿದರು. ಅವಳು ಮರಿಗಳ ಮೈಶಾಖ, ಗಾಳಿಗಿಟ್ಟ ಹೊತ್ತು, ಸತ್ತವುಗಳ ಸಂಖ್ಯೆ ಬರೆದು ಕೊಟ್ಟಳು. ಕ್ಷಮೆಯ ಮಾತು ಒಂದೂ ಇರಲಿಲ್ಲ.

ಹದಿನೈದನೆಯ ದಿನ ಶಾಲುಬಾಯಿ ಫೋನು ಮಾಡಿದಳು. "ನನ್ನ ಪಾಲಿಗಿ ಬಂದ ಹದಿನಾಲ್ಕೂ ಉಳದಾವ ಬಾಯಿ. ಬೆಚ್ಚಗಿಡ್ಲಿಕ್ಕ ಹಚ್ಚಿದ್ದ ಬಲ್ಬು ಇವತ್ತ ಆರಿಸೀನಿ. ಅಂಗಳ ತುಂಬ ಓಡ್ಯಾಡ್ತಾವ. ನಿಮ್ಮ ಸಿಟ್ಟು ಇಳೀತೋ ಇಲ್ಲೋ?"

"ಇಲ್ಲಕ್ಕಾ."

"ನಂದೂ ಇಳಿದಿಲ್ಲ" ಎಂದಳು ಶಾಲುಬಾಯಿ. "ಮುಂದಿನ ತಿಂಗಳ ಮತ್ತ ಹಂಚ್ತಾರಂತ. ನಾವು ಮೂವತ್ತೂ ಮಂದಿ ಪೆಟ್ಟಿಗಿ ಇಳಿಯೋ ಮೊದಲ, ಮುಂಜಾನಿ ಏಳಕ್ಕೇ ಹೋಗಿ ನಿಲ್ಲೋರಿದ್ದೇವಿ. ನೀವೂ ಬರ್ರಿ."