ಚುಕ್ಕಿ ಬಿದ್ದ ಮಾತುಗಳು

“ಟೀಚರ್, ನಿಮ್ಮ ಮುನ್ನುಡಿಯಲ್ಲಿ ಇನ್ನೂ ಒಬ್ರು ಬದುಕಿದಾರೆ,” ಎಂದ ಟಿಂಗ್ ಫೋನಿನಲ್ಲಿ.

ಬುಂಗಾನ್ ಕಾಫಿ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ಟಿಂಗ್‌ನದು ಮಿರಿ ಪಟ್ಟಣದಲ್ಲಿ ಪ್ರೆಸ್. ಅವಳ ನಿಘಂಟಿಗಾಗಿ ಒಂಬತ್ತು ವರ್ಷ ಕಾದ ಮನುಷ್ಯ. ಮಳೆ, ಮೀನಿನ ರೇಟು, ತನ್ನ ಮಂಡಿನೋವು ಎಲ್ಲ ಮುಗಿದ ಮೇಲೆಯೇ ವಿಷಯಕ್ಕೆ ಬರುವವನು ಇವತ್ತು ನೇರವಾಗಿ ಬಂದಿದ್ದ.

“‘ಈ ಪುಟ ಸಿದ್ಧವಾದ ದಿನ ಈ ನುಡಿಯನ್ನಾಡುವವರು ಒಬ್ಬರು’ ಅಂತಿದೆ. ಚರ್ಚಿಗೆ ಹೂವು ತಗೊಂಡು ನಾನೇ ಬಂದಿದ್ನಲ್ಲ? ಆರು ವಾರ ಆಯ್ತು.”

“ಆ ಅಂಕಿ ನಾನು ಬರೆಯೋದಲ್ಲ. ಪ್ರೋಗ್ರಾಮು ಲೆಕ್ಕ ಹಾಕಿ ಬರೆಯುತ್ತೆ.”

“ಪ್ರೋಗ್ರಾಮಿಗೆ ಸಾವಿನ ಸುದ್ದಿ ಕನಸಲ್ಲಿ ಬೀಳುತ್ತಾ ಟೀಚರ್? ಯಾರಾದ್ರೂ ಹೇಳ್ಬೇಕಲ್ಲ. ಶನಿವಾರ ಮಷಿನ್ನಿಗೆ ಹಾಕ್ತೀನಿ. ನಿಧಾನಕ್ಕೆ ನೋಡಿ,” ಎಂದ.

ನಿಧಾನಕ್ಕೆ ನೋಡಲು ಅದರಲ್ಲಿ ಏನೂ ಇರಲಿಲ್ಲ. ಬದಲಾಯಿಸಬೇಕಾದದ್ದು ಒಂದೇ ಒಂದು ಅಂಕಿ.

ಮರುಡಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು ನಿಘಂಟನ್ನೂ ಗಣಿತದವಳ ಹಾಗೇ ಕಟ್ಟಿದ್ದಳು. ಅಕ್ಷರಕ್ಕೊಂದರಂತೆ ಹತ್ತೊಂಬತ್ತು ಫೈಲು. ಅವನ್ನೆಲ್ಲ ಹಾಜರಿ ಕೂಗಿದಂತೆ ಸರದಿಯಲ್ಲಿ ಕರೆಯಲು ಒಂದು ತಾಯಿ ಫೈಲು. ಬೇರೆಯಾಗಿ ಜನರ ಪಟ್ಟಿ: ಹೆಸರು, ಹುಟ್ಟಿದ ಊರು, ಕೊನೆಗೆ ಒಂದು ಅಥವಾ ಸೊನ್ನೆ. ಇದ್ದವರಿಗೆ ಒಂದು, ಹೋದವರಿಗೆ ಸೊನ್ನೆ. ಪ್ರತಿ ಪದದ ಕೆಳಗೆ ಅದಕ್ಕೆ ಸಾಕ್ಷಿ ನಿಂತವರ ಹೆಸರಿರುತ್ತಿತ್ತು. ಫೈಲುಗಳನ್ನೆಲ್ಲ ಜೋಡಿಸಿ ಪುಸ್ತಕ ಕಟ್ಟು ಎಂದು ಹೇಳಿದಾಗಲೆಲ್ಲ ಪ್ರೋಗ್ರಾಮು ಮೊದಲು ಪಟ್ಟಿ ಓದಿ, ಆಮೇಲೆ ಒಂದೊಂದೇ ಪದದ ಬಾಗಿಲು ತಟ್ಟಿ, ಸಾಕ್ಷಿಗಳಲ್ಲಿ ಯಾರೂ ಬದುಕಿಲ್ಲವೆಂದರೆ ಆ ಪದದ ಪಕ್ಕ ಒಂದು ಚುಕ್ಕಿ ಇಟ್ಟು ಬರುತ್ತಿತ್ತು.

ನಿಯಮ ಅವಳದೇ. ಸಾಕ್ಷಿ ಅಂದರೆ ಕೇಳಿ ಬಲ್ಲವರಲ್ಲ. ಆ ಮಾತನ್ನು ದಿನದ ಬದುಕಿನಲ್ಲಿ ಇನ್ನೊಬ್ಬರಿಗೆ ಆಡಿದವರು. ಕೆಲಸ ಶುರುಮಾಡಿದಾಗ ಏಳು ಜನರಿದ್ದರು, ಎಲ್ಲೋ ಪುಟಕ್ಕೊಂದು ಚುಕ್ಕಿ. ಆರು ಸೊನ್ನೆಗಳನ್ನು ಅವಳು ಅಳುತ್ತಲೋ ಅಳದೆಯೋ ಹಾಕಿದ್ದಳು. ಏಳನೆಯದು ಸಿಡೌ ಚಿಕ್ಕಮ್ಮನ ಸಾಲು. ಆರು ವಾರದ ಹಿಂದೆ ಚಿಕ್ಕಮ್ಮ ಮಣ್ಣಾದ ಮೇಲೆ ಮೂರು ಸಲ ಪುಸ್ತಕ ಕಟ್ಟಿದಳು, ಮೂರು ಸಲವೂ ಆ ಸಾಲಿನ ಒಂದು ಒಂದಾಗಿಯೇ ಉಳಿಯಿತು. ಮಕ್ಕಳು ಲೆಕ್ಕ ಕದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಟೀಚರು!

ಕಾಫಿ ಕುಡಿದು, ಲೋಟ ತೊಳೆದು, ಬಂದು ಕೂತು ಸೊನ್ನೆ ಹಾಕಿದಳು. ಪುಸ್ತಕ ಕಟ್ಟಿಕೊಂಡಿತು. ಎರಡು ಸಾವಿರದ ಮುನ್ನೂರ ಹದಿನಾರು ಪದ, ಎರಡು ಸಾವಿರದ ಮುನ್ನೂರ ಹದಿನಾರು ಚುಕ್ಕಿ. ನೋಡುತ್ತಾ ನೋಡುತ್ತಾ ಅವಳಿಗೆ ಅಳು ಬಂತು, ಹಾಗೆಯೇ ಅದನ್ನು ಟಿಂಗ್‌ಗೆ ಕಳಿಸಿದಳು.

“ಅಯ್ಯೋ, ಪುಸ್ತಕಕ್ಕೆ ದಡಾರ ಎದ್ದಿದೆಯಲ್ರೀ!” ಎಂದ ಟಿಂಗ್. “ಆ ನಿಯಮಾನೇ ಕಿತ್ತು ಹಾಕಿ. ಯಾರು ಕೇಳ್ತಾರೆ?”

“ನಾನು ಕೇಳ್ತೀನಿ.”

“ಹಾಗಾದ್ರೆ ನಿಮ್ಮ ಹೆಸರು ಹಾಕ್ಕೊಳ್ಳಿ. ಚಿಕ್ಕಮ್ಮನ ಜೊತೆ ಪಟಪಟ ಅಂತಿದ್ರಲ್ಲ, ನಾನೇ ಕೇಳಿದೀನಿ.”

“ಅದು ಹನ್ನೊಂದು ವರ್ಷದ ಹುಡುಗಿ ಮಾತು ಟಿಂಗ್.”

“ಇರ್ಲಿ. ಹುಡುಗಿಗೂ ಬಾಯಿ ಇರುತ್ತೆ.”

ಹನ್ನೊಂದು ತುಂಬಿದ ವರ್ಷ ಬರಾಮ್ ಹೊಳೆಯ ಮೇಲ್ದಂಡೆಯ, ಊರಿನ ಮನೆಗಳೆಲ್ಲ ಒಂದೇ ಸೂರಿನಡಿ ಇರುವ ಉದ್ದಮನೆಯಿಂದ ಅವಳನ್ನು ದೋಣಿ ಹತ್ತಿಸಿ ಹಾಸ್ಟೆಲಿಗೆ ಕಳಿಸಿದ್ದರು. ಅಲ್ಲಿಂದಾಚೆ ಅವಳು ಬೇರೆ ಮಾತುಗಳಲ್ಲಿ ದೊಡ್ಡವಳಾದಳು. ನಿವೃತ್ತಿಯ ನಂತರ ಟೇಪ್ ರೆಕಾರ್ಡರು ಹಿಡಿದು ಹೋದಾಗ ಸಿಡೌ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು: “ತಲೆ ನರೆತರೂ ನಿನ್ನ ಬಾಯಲ್ಲಿ ನಮ್ಮ ಮಾತಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ವಲ್ಲೇ!” ಆಮೇಲೆ ಪದಗಳನ್ನು ಹೇಳಿಕೊಟ್ಟಳು. ಆದರೆ ಹೇಳಿಸಿಕೊಂಡು ಬರೆದದ್ದು ಆಡಿದಂತಾಗುವುದಿಲ್ಲ.

ಬುಂಗಾನ್ ಪಟ್ಟಿಗೆ ಹೊಸ ಸಾಲು ಸೇರಿಸಿ ತನ್ನ ಹೆಸರು ಬರೆದಳು. ಕೊನೆಯಲ್ಲಿ ಒಂದು.

ಮೂರು ದಿನ ಒಂದೊಂದೇ ಪದದ ಮುಂದೆ ಕೂತಳು. ಕೆಸರು: ಆಡಿದ್ದೇನೆ. ಕಚ್ಚಬೇಡ: ಆಡಿದ್ದೇನೆ, ತಮ್ಮನಿಗೆ. ಹೆಣ್ಣು ಕೇಳುವ ಮಾತುಕತೆ: ಇಲ್ಲ. ಬಸಿರು: ಇಲ್ಲ. ಜಿಗಣೆ, ಭೂತ, ಉಚ್ಚೆ, ಇನ್ನೊಂದು ತುಂಡು ಕೊಡು: ಹೌದು, ಎಷ್ಟೋ ಸಲ. ಬಿತ್ತನೆಯ ಹಿಂದಿನ ದಿನ ಹಿರಿಯರು ಹೇಳುವ ಮಾತು: ಕೇಳಿದ್ದೇನೆ, ಆಡಿಲ್ಲ. ಹೆಣ ತೊಳೆಯುವುದು: ಇಲ್ಲ. ಚಿಕ್ಕಮ್ಮನನ್ನು ತೊಳೆದಾಗಲೂ ಸುತ್ತ ಇದ್ದವರಿಗೆ ಅವಳು ಮಲಯ ಭಾಷೆಯಲ್ಲೇ ಹೇಳಿದ್ದಳು, ನೀರು ತನ್ನಿ ಎಂದು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಪಟ್ಟಿಯ ಕೊನೆಗೆ ಬಂದಳು. ಚುಕ್ಕಿ ಕಳಚಿಕೊಂಡ ಪದಗಳು ನಾನೂರ ಹನ್ನೆರಡು. ಮುನ್ನುಡಿ ತೆಗೆದು ನೋಡಿದರೆ ‘ಒಬ್ಬರು’ ಎಂದೇ ಇತ್ತು. ಒಂದಕ್ಷರವೂ ಬದಲಾಗಿರಲಿಲ್ಲ, ಆ ಒಬ್ಬರು ಮಾತ್ರ ಈಗ ಅವಳು. ಅವಳಿಗೆ ಭಯವಾಗುವಷ್ಟು ಒಂಟಿತನವೆನಿಸಿತು.

ಒಂದು ಪದವನ್ನು ಮಾತ್ರ ತೀರ್ಮಾನಿಸದೆ ಬಿಟ್ಟಿದ್ದಳು. ಉಣ್ಣಲು ಬಾ ಎಂದು ಕರೆಯುವ ಕೂಗು. ಹೊತ್ತು ಮುಳುಗುವಾಗ ಉದ್ದಮನೆಯ ಜಗಲಿಯಿಂದ ಹೊಳೆಯ ಕಡೆಗೆ ಚಿಕ್ಕಮ್ಮ ಎಳೆದೆಳೆದು ಕೂಗುತ್ತಿದ್ದದ್ದು. ಆ ರಾಗ ಕೂಡ ಕಿವಿಯಲ್ಲಿತ್ತು. ಆದರೆ ಕೂಗುವವರು ದೊಡ್ಡವರು. ಅವಳು ಯಾರನ್ನೂ ಹಾಗೆ ಕರೆದಿರಲಿಲ್ಲ. ಕರೆಯಲು ಮನೆಯಲ್ಲಿ ಯಾರೂ ಇರಲಿಲ್ಲ.

ಮೇಜಿನ ಮೇಲೆ ಎಲೆಯಲ್ಲಿ ಕಟ್ಟಿದ ಅನ್ನವಿತ್ತು, ಪಕ್ಕದಲ್ಲಿ ಒಣಮೀನು. ಬುಂಗಾನ್ ಹಿತ್ತಿಲ ಬಾಗಿಲು ತೆಗೆದು ನಿಂತು, ಗಂಟಲು ಸರಿಮಾಡಿಕೊಂಡು, ಕೂಗಿದಳು. ಚೆನ್ನಾಗಿಯೇ ಬಂತು. ಪಕ್ಕದ ಮನೆಯ ನಾಯಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಬಂದು ಆ ಪದದ ಕೆಳಗೆ ತನ್ನ ಹೆಸರು ಹಾಕದೆಯೇ ಪುಸ್ತಕ ಕಟ್ಟಿಸಿ ಟಿಂಗ್‌ಗೆ ಕಳಿಸಿದಳು.

“ಬಂತು ಟೀಚರ್,” ಎಂದು ಟಿಂಗ್ ಉತ್ತರ ಬರೆದ. “ಊಟ ಆಯ್ತಾ?”

ಅವಳು ಎಲೆ ಬಿಚ್ಚಿದಳು. ಪರದೆಯ ಮೇಲೆ ನೂರ ನಾಲ್ಕನೆಯ ಪುಟ ಇನ್ನೂ ತೆರೆದೇ ಇತ್ತು. ಆ ಕೂಗಿನ ಪಕ್ಕ ಚುಕ್ಕಿಯಿತ್ತು. ಅದರ ಕೆಳಗಿನ ಪದ, ಹೊಳೆಯಲ್ಲಿ ಆಡುವ ಮಕ್ಕಳು ಅದಕ್ಕೆ ಓಗೊಡುವ ‘ಬಂದೆ’. ಅದರ ಪಕ್ಕ ಚುಕ್ಕಿ ಇರಲಿಲ್ಲ.