ಅಕ್ಕನ ಪಾಳಿ

ಕಂಪ್ಯೂಟರ್ ಪರದೆಯ ಮೇಲಿನ ಹಸಿರು ಪಟ್ಟಿ ಮತ್ತೆ ಅಲ್ಲೇ ನಿಂತಿತು. ಕಾಲು ಭಾಗ ತುಂಬಿತ್ತು, ಮುಂದೆ ಹೋಗಲೊಲ್ಲದು. ಕಲ್ಮೇಶ ಮೌಸನ್ನು ಮೇಜಿಗೆ ಕುಕ್ಕಿದ.

"ಅದಕ್ಯಾಕ ಬಡೀತೀರಿ ಕಲ್ಮೇಶಣ್ಣ, ಅದೇನ್ ಮಾಡೇತಿ ಪಾಪ," ಎಂದ ಮಧು.

"ನಿನಗ ಬಡೀಬೇಕಾಗಿತ್ತು. ಸರ್ವರಿಗೆ ತೀರ್ಥಾ ಕುಡಿಸಿದ ಮಹಾನುಭಾವ!"

ಮಧು ಸವದತ್ತಿಯ ಆ ಸ್ಕ್ಯಾನ್ ಸೆಂಟರಿನಲ್ಲಿ ಮಷಿನ್ ನಡೆಸುವವ. ಖಂಡೇ ನವಮಿಯ ದಿನ ಸ್ಕ್ಯಾನ್ ಮಷಿನ್ನಿಗೆ ಹಾರ, ಪ್ರಿಂಟರಿಗೆ ವಿಭೂತಿ, ಕೀಬೋರ್ಡಿಗೆ ಕುಂಕುಮ ಏರಿಸಿದ್ದ. ಕೊನೆಗೆ ಕಾಯಿ ಒಡೆದು, ಆ ನೀರನ್ನು ಭಕ್ತಿಯಿಂದ, ಸ್ಕ್ಯಾನಿನ ಚಿತ್ರಗಳನ್ನೆಲ್ಲ ಕೂಡಿಡುವ ಸರ್ವರ್ ಡಬ್ಬಿಯ ನೆತ್ತಿಯ ಮೇಲೆ ಚಿಮುಕಿಸಿದ್ದ. ನೀರು ಸಂದಿನಲ್ಲಿ ಇಳಿದಿತ್ತು. ಮರುದಿನ ಡಬ್ಬಿ ಚಾಲೂ ಆಯಿತು, ಒಳಗಿನ ಎರಡೂ ನೆಟ್‌ವರ್ಕ್ ಕಾರ್ಡುಗಳು ಮಾತ್ರ ಸತ್ತಿದ್ದವು.

ಮುನವಳ್ಳಿಯಿಂದ ರಿಪೇರಿಗೆ ಬಂದ ಕಲ್ಮೇಶ ಬೆಳಿಗ್ಗೆಯೇ ಹೊಸ ಕಾರ್ಡು ಕೂರಿಸಿದ್ದ. ದೀಪ ಹತ್ತಿದವು. ಆದರೆ ಸ್ಕ್ಯಾನಿನ ಚಿತ್ರಗಳು ಸರ್ವರಿನಿಂದ ಡಾಕ್ಟರ ಕೋಣೆಗೆ ಹೋಗುವಾಗ ಆಮೆಯಾದವು. ರೋಗಿಯ ಹೆಸರು, ವಯಸ್ಸು ತಟ್ಟನೆ ಹೋಗುತ್ತಿದ್ದವು. ಚಿತ್ರಗಳ ಗಂಟು ಕಳಿಸಿದರೆ ಉಸಿರು ಕಟ್ಟುತ್ತಿತ್ತು. ಕೇಬಲ್ ಬದಲಿಸಿದ. ಕಾರ್ಡು ಕಿತ್ತು ಇನ್ನೊಂದು ಹಾಕಿದ. ಕಾರ್ಡು ಮಾಡಿದವನಿಗೆ, ಮಾರಿದವನಿಗೆ, ಕಾಯಿ ಬಿಟ್ಟ ತೆಂಗಿನ ಮರಕ್ಕೆ ಸಮಾ ಬೈದ. ಏನೂ ಆಗಲಿಲ್ಲ.

"ಅವಸರ ಮಾಡಬ್ಯಾಡ್ರಿ. ಡಾಕ್ಟರ್ ಬೈಲಹೊಂಗಲದಿಂದ ಬರೂದು ಮಧ್ಯಾಹ್ನನ," ಎಂದ ಮಧು.

"ನಿನಗೇನ್ ಅವಸರ? ಹೊರಗ ಕುಂತಾಕಿ ನಿಮ್ಮಕ್ಕ ಏನು?"

ಮಧು ಕಲ್ಮೇಶನಿಗೆ ನೀರಿನ ಬಾಟಲಿ ತಂದಿಟ್ಟು ಒಳಗೆ ಹೋದ.

ಹೊರಗಿನ ಬೆಂಚಿನ ಮೇಲೆ ಯಶೋಧಾ ಕೂತಿದ್ದಳು. ಹೆಂಗೂ ಹೊಂಟೇನಿ, ಗಾಡಿ ಹತ್ತು ಎಂದು ಕಲ್ಮೇಶನೇ ಕರೆತಂದಿದ್ದ. ಅಪ್ಪ ಸತ್ತ ವರ್ಷ ಇವನು ಒಂಬತ್ತನೇ ಇಯತ್ತೆ ಬಿಟ್ಟು ಮೊಬೈಲ್ ಅಂಗಡಿ ಸೇರಿದ್ದ. ಅಕ್ಕ ಕಾಲೇಜು ಬಿಟ್ಟು ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದಳು. ಅವಳು ಹೊಲಿದ ಜಂಪರು ಹಾಕದ ಹೆಂಗಸು ಅವರ ಓಣಿಯಲ್ಲಿರಲಿಲ್ಲ. ಈಗ ಎರಡು ತಿಂಗಳಿಂದ ತಲೆನೋವು, ಬೆಳಿಗ್ಗೆ ಎದ್ದರೆ ವಾಂತಿ. ಹೊಲಿಗೆ ಸೊಟ್ಟ ಬೀಳತೊಡಗಿ ಜಂಪರುಗಳು ವಾಪಸು ಬಂದವು. "ರಾತ್ರೆಲ್ಲಾ ಮೊಬೈಲ್ ನೋಡ್ತಿ, ಕಣ್ಣ ಹಾಳಾಗದ ಏನಾದಾವು?" ಎಂದು ಕಲ್ಮೇಶ ಒದರಿದ್ದ. ಮೊನ್ನೆ ಅವಳು ಹಗಲಿನಲ್ಲೇ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡಾಗ ಮಾತ್ರ ಅವನ ಬಾಯಿ ಕಟ್ಟಿತ್ತು. ಬೆಳಿಗ್ಗೆ ಸ್ಕ್ಯಾನು ಮುಗಿದಿತ್ತು. ಏನೂ ಇಲ್ಲ ಅಂತ ಡಾಕ್ಟರು ಒಂದು ಮಾತು ಹೇಳಿದರೆ ಸಾಕು, ಅಕ್ಕನನ್ನು ಹಿಂದೆ ಕೂರಿಸಿಕೊಂಡು ಮನೆಗೆ ಹೋಗಬಹುದಿತ್ತು.

ಅವಳು ಬಾಗಿಲಲ್ಲಿ ಇಣುಕಿದಳು. "ತಮ್ಮಾ, ನಿನ್ನ ಡಬ್ಬಿ ರಿಪೇರಿ ಆತೋ ಇಲ್ಲೋ? ಕುಂತು ಕುಂತು ನನಗ ಬೇರು ಬಿಟ್ಟಾವು."

"ಆಕ್ಕೇತಿ, ನಡಿ."

"ರಿಪೇರಿ ಬರದಿದ್ರ ಬರೂದಿಲ್ಲ ಅನ್ನು. ಹೊರಗ ಮಂದಿ ನಿನ್ನ ಹೆಸರ ತಗೊಂಡು ಬೈಯಾಕ ಹತ್ಯಾರ. ನಾ ಯಾರೋ ಗೊತ್ತಿಲ್ಲ ಅನ್ನಾರಂಗ ಕುಂತೇನಿ."

"ನೀನೂ ಬೈ."

"ನಾ ಆಗಳೇ ಬೈದೇನಿ," ಎಂದು ನಕ್ಕು, ಗೋಡೆ ಹಿಡಿದುಕೊಂಡು ಹೋದಳು.

ಮಧ್ಯಾಹ್ನ ಸಂಜೀವ ಡಾಕ್ಟರು ಬಂದರು. ಮಧು ಅವರ ಹಿಂದೆಯೇ ಕೋಣೆಗೆ ಹೋಗಿ ಏನೋ ಮೆಲ್ಲಗೆ ಹೇಳಿದ. ಡಾಕ್ಟರು ಅಲ್ಲಿಂದಲೇ ಕೂಗಿದರು: "ಕಲ್ಮೇಶ, ಚಾಲೂ ಆತಂದ್ರ ಮೊದಲ ನಿಮ್ಮ ಅಕ್ಕಾರ್ದು ಕಳಸು."

"ಹೂಂನ್ರಿ ಸರ!" ಅವನಿಗೆ ಖುಷಿಯಾಯಿತು. ಎಷ್ಟೋ ಜನ ಪಾಳಿ ಹಿಡಿದು ಕೂತಾಗಲೂ ಡಾಕ್ಟರು ಅವನ ಕೆಲಸಕ್ಕೆ ಬೆಲೆ ಕೊಟ್ಟಿದ್ದರು. ಹುಮ್ಮಸ್ಸಿನಿಂದ ಮತ್ತೆ ಕೂತ. ಈ ಸಲ ಸರ್ವರನ್ನು ಬಿಟ್ಟು, ಎಲ್ಲ ಕೇಬಲುಗಳೂ ಬಂದು ಸೇರುವ ಸ್ವಿಚ್ಚಿನ ಸೆಟ್ಟಿಂಗನ್ನು ಪರದೆಯ ಮೇಲೆ ತೆರೆದು ನೋಡಿದ. ಸರ್ವರಿನ ಕೇಬಲ್ ಸಿಕ್ಕಿಸಿದ ಕಿಂಡಿಯಲ್ಲಿ ತಪ್ಪುಗಳ ಲೆಕ್ಕ ಓಡುತ್ತಲೇ ಇತ್ತು.

ಆಗ ನೆನಪಾಯಿತು. ಹಿಂದೊಮ್ಮೆ ಹಳೆಯ ಕಾರ್ಡು ಮೇಲಿಂದ ಮೇಲೆ ಸಂಪರ್ಕ ಕಳೆದುಕೊಳ್ಳುತ್ತಿದ್ದಾಗ ಅವನೇ ಆ ಕಿಂಡಿಯ ವೇಗವನ್ನು ಒಂದೇ ಮಟ್ಟಕ್ಕೆ ಕೈಯಾರೆ ಬಿಗಿದಿದ್ದ. ಆಮೇಲೆ ಮರೆತುಬಿಟ್ಟಿದ್ದ. ಹೊಸ ಕಾರ್ಡು ಸ್ವಿಚ್ಚನ್ನು ಕೇಳಿ, ಹೊಂದಿಸಿಕೊಂಡು ನಡೆಯುವಂಥದ್ದು. ಕೇಳಿದರೆ ಸ್ವಿಚ್ಚು ಉತ್ತರ ಕೊಡುತ್ತಿರಲಿಲ್ಲ. ಹೀಗಾಗಿ ಕಾರ್ಡು ಒಂದಿಷ್ಟು ಕಳಿಸಿ ಕಾಯುತ್ತಿತ್ತು, ಸ್ವಿಚ್ಚು ಕಾಯದೆ ಕಳಿಸುತ್ತಿತ್ತು. ಒಂದರ ಮೇಲೊಂದು ಬಿದ್ದು ಕೆಟ್ಟದ್ದನ್ನೇ ಮತ್ತೆ ಮತ್ತೆ ಕಳಿಸುವುದರಲ್ಲಿ ಹೊತ್ತು ಹೋಗಿತ್ತು.

"ಥೂ ನನ್ನ!" ಕಲ್ಮೇಶ ಹಣೆ ಬಡಿದುಕೊಂಡ. ಬಿಗಿದದ್ದನ್ನು ಬಿಚ್ಚಿ, ಅಕ್ಕನ ಹೆಸರು ಒತ್ತಿದ.

ಪಟ್ಟಿ ಒಮ್ಮೆಲೇ ತುಂಬಿತು.

"ಏ ಮಧ್ಯಾ! ನೋಡಲೇ, ನೋಡು! ನಿನ್ನ ತಪ್ಪಲ್ಲೋ, ನಂದ!" ಸಿಳ್ಳೆ ಹೊಡೆಯುತ್ತ ಒಳಗೋಡಿದ. ಮಧು ಮಷಿನ್ನಿನ ಗಾಜಿನ ಕೋಣೆಯಲ್ಲಿ ನಿಂತಿದ್ದ. ನಗಲಿಲ್ಲ. ಕಲ್ಮೇಶನ ಭುಜದ ಮೇಲೆ ಕೈಯಿಟ್ಟ. ಅಷ್ಟು ಬೈಸಿಕೊಂಡವನು ಹಾಗೇಕೆ ಕೈಯಿಟ್ಟ ಎಂದು ಕಲ್ಮೇಶನಿಗೆ ತಿಳಿಯಲಿಲ್ಲ.

ಡಾಕ್ಟರ ಬಾಗಿಲು ತೆರೆದಿತ್ತು. ಪರದೆಯ ಮೇಲೆ ಅಕ್ಕನ ತಲೆ, ಬೂದು ಬಣ್ಣದ ಹೋಳುಹೋಳಾಗಿ, ಸರಸರ ಸರಿಯುತ್ತಿತ್ತು. ಎಲ್ಲೂ ತಡೆಯುತ್ತಿರಲಿಲ್ಲ. ಒಂದು ಕಡೆ ಡಾಕ್ಟರೇ ನಿಲ್ಲಿಸಿದರು. ಹಿಂದೆ ಹೋದರು, ಮುಂದೆ ಬಂದರು, ಮತ್ತೆ ಅಲ್ಲೇ ನಿಂತರು. ಅಲ್ಲೊಂದು ಬಿಳಿ ಗಡ್ಡೆ ಇತ್ತು. ಕಲಿಯದವನಿಗೂ ಕಾಣುವಷ್ಟು ದೊಡ್ಡದು.

"ಏನ್ರಿ ಸರ ಅದು?"

ಡಾಕ್ಟರು ಕನ್ನಡಕ ತೆಗೆದರು. "ನಿಮ್ಮ ಮನ್ಯಾಗ ಹಿರ್ಯಾರು ಯಾರದಾರ?"

"ಆಕೀನ ರೀ."

ಅವರು ಕನ್ನಡಕ ಮತ್ತೆ ಏರಿಸಿದರು. "ಊಟ ಆಗೇತೇನು ಇಬ್ಬರದೂ? ಇಲ್ಲಲ್ಲ? ಮೊದಲ ಊಟ ಮಾಡಿಸ್ಕೊಂಡ್ ಬಾ. ಆಮ್ಯಾಲ ಕುಂತು ಮಾತಾಡೂಣು. ಇವತ್ತ ಬೆಳಗಾವಿ ದೊಡ್ಡ ದವಾಖಾನಿಗೆ ಹೋಗಬೇಕಾಗ್ತೈತಿ."

ಕಲ್ಮೇಶ ತಿರುಗಿದ. ಗಾಜಿನ ಆಚೆ ಮಧು ತಲೆ ತಗ್ಗಿಸಿದ. ಸ್ಕ್ಯಾನು ಮಾಡುವಾಗಲೇ ಮಷಿನ್ನಿನ ಪರದೆಯ ಮೇಲೆ ಅವನು ಅದನ್ನು ನೋಡಿದ್ದ. ಬೆಳಗಿನಿಂದ ಗೊತ್ತಿತ್ತು ಅವನಿಗೆ. ಬೈಸಿಕೊಂಡಿದ್ದ, ನೀರು ತಂದಿಟ್ಟಿದ್ದ, ಅವಸರ ಮಾಡಬ್ಯಾಡ್ರಿ ಎಂದಿದ್ದ. ಕಲ್ಮೇಶನ ಕೈ ಮುಷ್ಟಿಯಾಯಿತು. ಹೊಡೆಯಲು ಎದುರಿಗೆ ಯಾರೂ ಇರಲಿಲ್ಲ.

ಹೊರಗೆ ಜನ ಎದ್ದು ನಿಂತಿದ್ದರು. ರಿಪೋರ್ಟುಗಳು ಬರತೊಡಗಿದ್ದವು. ಯಶೋಧಾ ಪಕ್ಕದ ಮುದುಕಿಗೆ ಹೇಳುತ್ತಿದ್ದಳು: "ನಮ್ಮ ತಮ್ಮರೀ. ಅವನ ಮಾಡಿದ್ದು. ಸಾಲಿ ಕಲೀಲಿಲ್ಲ ಅಂತ ಮಂದಿ ಅಂತಾರ, ಇಂಥಾ ಕೆಲಸ ಯಾವ ಸಾಲ್ಯಾಗ ಕಲಿಸ್ತಾರ ಹೇಳ್ರಿ?"

ಅವನನ್ನು ಕಂಡು ಎದ್ದಳು. "ಏನಂದ್ರೋ?"

"ಊಟ ಮಾಡ್ಕೊಂಡ್ ಬರ್ರಿ ಅಂದ್ರು."

"ಹೌದು? ಚಲೋ ಡಾಕ್ಟರ ಬಿಡು."

ಬಸ್‌ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ರೊಟ್ಟಿ ಬಂತು, ಎಣ್ಣೆಗಾಯಿ ಬಂತು. ಖಾರ ಕಡಿಮೆ ಎಂದು ಯಶೋಧಾ ಬಡಿಸುವವನಿಗೆ ಜೋರು ಮಾಡಿದಳು. ಅವನು ಕೆಂಪು ಚಟ್ನಿ ತಂದಿಟ್ಟ. ಖಾರ ನೆತ್ತಿಗೇರಿ ಕೆಮ್ಮು ಬಂತು. ನೀರಿಗೆ ಕೈ ಚಾಚಿದಳು. ಬೆರಳುಗಳು ಲೋಟದ ಪಕ್ಕದ ಬರಿಯ ಮೇಜನ್ನು ಹಿಡಿದವು. ಇನ್ನೊಮ್ಮೆ ಹಿಡಿದವು. ಕಲ್ಮೇಶ ಬೇರೆಲ್ಲೋ ನೋಡುತ್ತ, ಲೋಟವನ್ನು ಮೆಲ್ಲಗೆ ಅವಳ ಬೆರಳಿನೊಳಗೆ ಸರಿಸಿದ.